ವಿಷ್ಣುವರ್ಧನ (ಹೊಯ್ಸಳ ಅರಸ)

ವಿಷ್ಣುವರ್ಧನ (ಆಳ್ವಿಕೆ: ಸುಮಾರು ಕ್ರಿ.ಶ. 1108–1152) ಹೊಯ್ಸಳ ರಾಜವಂಶದ ಪ್ರಸಿದ್ಧ ಅರಸ. ಈತನ ಮೊದಲ ಹೆಸರು ಬಿಟ್ಟಿದೇವ ಅಥವಾ ಬಿಟ್ಟಿಗ. ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಹೊಯ್ಸಳರನ್ನು ದಕ್ಷಿಣ ಕರ್ನಾಟಕದ ಪ್ರಬಲ ಶಕ್ತಿಯನ್ನಾಗಿ ಬೆಳೆಸಿದವನು ಈತನೇ. ತಲಕಾಡನ್ನು ಚೋಳರಿಂದ ಗೆದ್ದುಕೊಂಡದ್ದು, ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಕಟ್ಟಿಸಿದ್ದು ಮತ್ತು ಜೈನ ಮನೆತನದಲ್ಲಿ ಹುಟ್ಟಿ ವೈಷ್ಣವ ಮತಕ್ಕೆ ಒಲಿದದ್ದು, ಈ ಮೂರು ಸಂಗತಿಗಳಿಂದ ಈತನು ಕರ್ನಾಟಕದ ಇತಿಹಾಸದಲ್ಲಿ ನೆನಪಾಗಿ ಉಳಿದಿದ್ದಾನೆ. ಈತನ ಮತಾಂತರದ ಬಗ್ಗೆ ನಂತರದ ಕಾಲದಲ್ಲಿ ಹುಟ್ಟಿದ ಕಥೆಗಳು ಈತನನ್ನು ಜೈನರ ಹಿಂಸಕನೆಂದು ಚಿತ್ರಿಸುತ್ತವೆ. ಆದರೆ ಈತನ ಕಾಲದ ಶಾಸನಗಳು ಬೇರೆಯೇ ಚಿತ್ರವನ್ನು ಕೊಡುತ್ತವೆ.

ವಂಶ ಮತ್ತು ಹಿನ್ನೆಲೆ

ಹೊಯ್ಸಳರ ಮೂಲಸ್ಥಳ ಇಂದಿನ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಶಾಸನಗಳಲ್ಲಿ ಇದರ ಹೆಸರು ಸೊಸೆವೂರು. ವಂಶದ ಮೂಲಪುರುಷನಾದ ಸಳನು ಜೈನ ಮುನಿಯ ಆಜ್ಞೆಯಂತೆ ಹುಲಿಯನ್ನು ಹೊಡೆದು ಕೊಂದನೆಂಬ ಐತಿಹ್ಯವು ಈ ಮನೆತನಕ್ಕೂ ಜೈನ ಗುರುಗಳಿಗೂ ಇದ್ದ ಹಳೆಯ ನಂಟನ್ನು ಸೂಚಿಸುತ್ತದೆ. ವಂಶದ ಹೆಸರೂ ಲಾಂಛನವೂ ಈ ಕಥೆಯನ್ನೇ ಆಧರಿಸಿವೆ.

ಬಿಟ್ಟಿದೇವನು ಎರೆಯಂಗ ಮತ್ತು ಏಚಲದೇವಿಯರ ಮಗ, ವಿನಯಾದಿತ್ಯನ ಮೊಮ್ಮಗ. ಈತನಿಗೆ ಬಲ್ಲಾಳನೆಂಬ ಅಣ್ಣನೂ ಉದಯಾದಿತ್ಯನೆಂಬ ತಮ್ಮನೂ ಇದ್ದರು. ತಂದೆ ಎರೆಯಂಗನು ಚಾಲುಕ್ಯ ಚಕ್ರವರ್ತಿಯ ಪರವಾಗಿ ಮಾಳವದ ಧಾರಾನಗರದವರೆಗೆ ದಂಡೆತ್ತಿ ಹೋಗಿದ್ದ ವೀರ. ಎರೆಯಂಗನ ತರುವಾಯ ಒಂದನೆಯ ಬಲ್ಲಾಳನು ಕೆಲವೇ ವರ್ಷಗಳ ಕಾಲ ಆಳಿದನು. ಅವನ ಕಾಲದಲ್ಲಿ ಜಗದ್ದೇವನೆಂಬವನು ದೋರಸಮುದ್ರದ ಮೇಲೆ ದಾಳಿ ಮಾಡಿದಾಗ ಸಹೋದರರು ಸೇರಿ ಅವನನ್ನು ಹಿಮ್ಮೆಟ್ಟಿಸಿದರು. ಬಲ್ಲಾಳನ ನಂತರ ಸುಮಾರು 1108ರಲ್ಲಿ ಬಿಟ್ಟಿದೇವನು ಪಟ್ಟವೇರಿದನು. ದೋರಸಮುದ್ರ, ಅಂದರೆ ಇಂದಿನ ಹಳೇಬೀಡು, ರಾಜಧಾನಿಯಾಗಿತ್ತು. ಶಾಸನಗಳಲ್ಲಿ ವೇಲಾಪುರವೆಂದು ಕರೆಯಲಾಗುವ ಬೇಲೂರು ಅರಸರ ಇನ್ನೊಂದು ನೆಲೆಯಾಗಿತ್ತು.

ತಲಕಾಡಿನ ವಿಜಯ

ಹನ್ನೊಂದನೆಯ ಶತಮಾನದ ಆರಂಭದಿಂದ ಗಂಗವಾಡಿಯು ಚೋಳರ ವಶದಲ್ಲಿತ್ತು. ಕಾವೇರಿ ತೀರದ ತಲಕಾಡು ಅದರ ಮುಖ್ಯ ಪಟ್ಟಣ. ಅಲ್ಲಿ ಚೋಳರ ಪ್ರತಿನಿಧಿಯಾಗಿ ಅದಿಯಮನು ಆಳುತ್ತಿದ್ದನು. ಬಿಟ್ಟಿದೇವನ ದಂಡನಾಯಕ ಗಂಗರಾಜನು ಅವನನ್ನು ಸೋಲಿಸಿ, ಸುಮಾರು 1116ರಲ್ಲಿ ತಲಕಾಡನ್ನು ವಶಪಡಿಸಿಕೊಂಡನು. ಒಂದು ಶತಮಾನಕ್ಕೂ ಮೀರಿದ ಚೋಳರ ಆಡಳಿತವು ಗಂಗವಾಡಿಯಲ್ಲಿ ಇದರೊಂದಿಗೆ ಕೊನೆಗೊಂಡಿತು.

ಈ ಗೆಲುವಿನ ನೆನಪಿಗಾಗಿ ಅರಸನು ತಲಕಾಡುಗೊಂಡ ಎಂಬ ಬಿರುದನ್ನು ಧರಿಸಿದನು. ಈ ಬಿರುದನ್ನು ಕನ್ನಡ ಲಿಪಿಯಲ್ಲಿ ಹೊತ್ತ ಚಿನ್ನದ ನಾಣ್ಯಗಳು ದೊರೆತಿವೆ. ನೊಳಂಬವಾಡಿಯನ್ನು ಗೆದ್ದದ್ದರ ಗುರುತಾಗಿ ನೊಳಂಬವಾಡಿಗೊಂಡ ಎಂಬ ಬಿರುದಿನ ನಾಣ್ಯಗಳೂ ಇವೆ. ಇನ್ನೊಬ್ಬ ದಂಡನಾಯಕ ಪುಣಿಸನು ಕೊಂಗುನಾಡು ಹಾಗೂ ನೀಲಗಿರಿಯವರೆಗೆ ಸಾಗಿದನು. ಅವನ 1117ರ ಚಾಮರಾಜನಗರದ ಶಾಸನದಲ್ಲಿ ನೀಲಗಿರಿಯ ತೋಡರ ಉಲ್ಲೇಖವಿದೆ.

ಚಾಲುಕ್ಯರೊಡನೆ ಸಂಘರ್ಷ

ಹೊಯ್ಸಳರು ಇನ್ನೂ ಕಲ್ಯಾಣದ ಚಾಲುಕ್ಯರ ಸಾಮಂತರೇ ಆಗಿದ್ದರು. ದಕ್ಷಿಣದ ಗೆಲುವುಗಳಿಂದ ಬಲಗೊಂಡ ವಿಷ್ಣುವರ್ಧನನು ಸ್ವತಂತ್ರನಾಗಲು ಯತ್ನಿಸಿದಾಗ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು ಹನ್ನೆರಡು ಮಂದಿ ಸಾಮಂತರ ಸೈನ್ಯವನ್ನು ಅವನ ಮೇಲೆ ಕಳುಹಿಸಿದನು. 1118ರಲ್ಲಿ ಕಣ್ಣೆಗಾಲದಲ್ಲಿ ಬೀಡುಬಿಟ್ಟಿದ್ದ ಆ ಸೈನ್ಯದ ಮೇಲೆ ಗಂಗರಾಜನು ರಾತ್ರಿ ವೇಳೆ ದಾಳಿ ಮಾಡಿ ಚದುರಿಸಿದನು.

ಈ ಗೆಲುವು ಶಾಶ್ವತವಾಗಲಿಲ್ಲ. ಎರಂಬರಗೆ, ಅಂದರೆ ಇಂದಿನ ಯಲಬುರ್ಗಾದ ಸಿಂದ ಮನೆತನದ ಆಚುಗಿಯು ಚಾಲುಕ್ಯರ ಪರವಾಗಿ ಹೊಯ್ಸಳರನ್ನು ಹಿಮ್ಮೆಟ್ಟಿಸಿದನು. ಅವನ ಮಗ ಪೆರ್ಮಾಡಿಯು ಬಿಟ್ಟಿಗನನ್ನು ಬೆನ್ನಟ್ಟಿ ದೋರಸಮುದ್ರವನ್ನು ಮುತ್ತಿದನೆಂದೂ ಬೇಲೂರನ್ನು ಹಿಡಿದನೆಂದೂ ಸಿಂದರ ಶಾಸನ ಹೇಳುತ್ತದೆ. ವಿಷ್ಣುವರ್ಧನನು ಮತ್ತೆ ಚಾಲುಕ್ಯರ ಅಧೀನತೆಯನ್ನು ಒಪ್ಪಬೇಕಾಯಿತು. 1126ರಲ್ಲಿ ವಿಕ್ರಮಾದಿತ್ಯನು ತೀರಿಕೊಂಡ ಬಳಿಕ ಅವನು ತನ್ನ ಗಮನವನ್ನು ಪುನಃ ಉತ್ತರದ ಕಡೆಗೆ ಹರಿಸಿದನು.

ಮತಾಂತರದ ಬಗೆಗಿನ ಸಾಂಪ್ರದಾಯಿಕ ಕಥನಗಳು

ಶ್ರೀವೈಷ್ಣವ ಗುರುಪರಂಪರೆಯ ಕೃತಿಗಳ ಪ್ರಕಾರ, ಚೋಳ ಅರಸನ ಕಿರುಕುಳಕ್ಕೆ ಒಳಗಾದ ರಾಮಾನುಜಾಚಾರ್ಯರು ಶ್ರೀರಂಗವನ್ನು ಬಿಟ್ಟು ಹೊಯ್ಸಳ ನಾಡಿಗೆ ಬಂದರು. ಇಂದಿನ ಮಂಡ್ಯ ಜಿಲ್ಲೆಯ ತೊಂಡನೂರಿನಲ್ಲಿ ಅವರು ಅರಸನನ್ನು ಭೇಟಿಯಾದರು. ಈ ಕೃತಿಗಳಲ್ಲಿ ಅರಸನ ಹೆಸರು ವಿಠ್ಠಲದೇವರಾಯ. ಅರಸನ ಮಗಳನ್ನು ಕಾಡುತ್ತಿದ್ದ ಪಿಶಾಚಿಯನ್ನು ಆಚಾರ್ಯರು ಬಿಡಿಸಿದರು. ಜೈನ ಪಂಡಿತರು ವಾದಕ್ಕೆ ಬಂದಾಗ ಅವರನ್ನು ಸೋಲಿಸಿದರು. ಅರಸನು ವೈಷ್ಣವನಾಗಿ ವಿಷ್ಣುವರ್ಧನನೆಂಬ ಹೆಸರನ್ನು ಪಡೆದನು. ಸೋತ ಜೈನರನ್ನು ಗಾಣಕ್ಕೆ ಹಾಕಿ ಅರೆಸಿದನೆಂಬ, ಬಸದಿಗಳನ್ನು ಕೆಡವಿ ಅವುಗಳ ಕಲ್ಲುಗಳಿಂದ ತೊಂಡನೂರಿನ ಕೆರೆಯ ಏರಿಯನ್ನು ಕಟ್ಟಿಸಿದನೆಂಬ ಮಾತುಗಳೂ ಪ್ರಚಾರದಲ್ಲಿವೆ.

ಇನ್ನೊಂದು ಕಥೆಯಂತೆ, ಅರಸನ ಒಂದು ಬೆರಳನ್ನು ದಿಲ್ಲಿಯ ಸುಲ್ತಾನನು ಕತ್ತರಿಸಿದ್ದನು. ಅಂಗಹೀನನ ಮನೆಯಲ್ಲಿ ಆಹಾರ ಸ್ವೀಕರಿಸಲು ಜೈನ ಗುರುಗಳು ನಿರಾಕರಿಸಿದರು. ಅದರಿಂದ ಸಿಟ್ಟಾಗಿ ಅರಸನು ಮತ ಬದಲಿಸಿದನು. ಜೈನ ಸ್ಥಳಪುರಾಣವೂ ತನ್ನದೇ ಕಥೆಯನ್ನು ಹೇಳುತ್ತದೆ. ಅದರಂತೆ ಅರಸನು ನೂರಾರು ಬಸದಿಗಳನ್ನು ಹಾಳುಮಾಡಿದ್ದರಿಂದ ಅಡಗೂರಿನ ಬಳಿ ಭೂಮಿ ಬಿರಿಯಿತು. ಕೊನೆಗೆ ಶ್ರವಣಬೆಳಗೊಳದ ಗುರುಗಳ ಮೊರೆಹೊಕ್ಕು ಆ ವಿಪತ್ತಿನಿಂದ ಪಾರಾಗಬೇಕಾಯಿತು.

ಈ ಕಥನಗಳೆಲ್ಲವೂ ಘಟನೆಗೆ ಬಹಳ ಕಾಲದ ನಂತರ ರೂಪುಗೊಂಡವು. ದಿಲ್ಲಿಯ ಸುಲ್ತಾನರ ಆಡಳಿತ ಆರಂಭವಾದದ್ದೇ 1206ರಲ್ಲಿ. ಆದ್ದರಿಂದ ಬೆರಳಿನ ಕಥೆಯು ವಿಷ್ಣುವರ್ಧನನ ಕಾಲಕ್ಕೆ ಹೊಂದುವುದಿಲ್ಲ. ಒಂದು ಪಂಥವು ತನ್ನ ಗೆಲುವನ್ನು ಹಿಗ್ಗಿಸಿ ಹೇಳಿಕೊಂಡಂತೆ ಇನ್ನೊಂದು ಪಂಥವು ತನಗಾದ ನಷ್ಟವನ್ನು ಹಿಗ್ಗಿಸಿ ಹೇಳಿಕೊಂಡಿತು. ಎರಡೂ ಸೇರಿ ಹಿಂಸಕ ಅರಸನ ಚಿತ್ರವೊಂದು ಜನಮನದಲ್ಲಿ ನೆಲೆಯೂರಿತು.

ಹೆಸರಿನ ವಿಚಾರದಲ್ಲಿಯೂ ವಿದ್ವಾಂಸರು ಎಚ್ಚರಿಕೆಯ ಮಾತನ್ನಾಡಿದ್ದಾರೆ. ಬಿಟ್ಟಿ ಎಂಬುದು ವಿಷ್ಣು ಶಬ್ದದ ತದ್ಭವ. ವಿಷ್ಣುವರ್ಧನ ಎಂಬುದು ಅದೇ ಹೆಸರಿನ ಸಂಸ್ಕೃತ ರೂಪ. ಹೀಗಾಗಿ ಹೆಸರಿನ ಬದಲಾವಣೆಯೊಂದನ್ನೇ ಮತಾಂತರಕ್ಕೆ ಸಾಕ್ಷಿಯೆಂದು ಹೇಳಲಾಗದು.

ವೈಷ್ಣವ ದೇವಾಲಯಗಳ ನಿರ್ಮಾಣ

ವಿಷ್ಣುವರ್ಧನನು ವಿಷ್ಣುಭಕ್ತನಾಗಿದ್ದನೆಂಬುದರಲ್ಲಿ ಸಂದೇಹವಿಲ್ಲ. ಅದಕ್ಕೆ ಅವನು ಕಟ್ಟಿಸಿದ ದೇವಾಲಯಗಳೇ ಪ್ರಮಾಣ. ತಲಕಾಡಿನ ವಿಜಯದ ಬೆನ್ನಲ್ಲೇ ಅಲ್ಲಿ ಕೀರ್ತಿನಾರಾಯಣ ದೇವಾಲಯವು ನಿರ್ಮಾಣವಾಯಿತು. 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆಯಾಯಿತು. ಇದೇ ಇಂದಿನ ಚೆನ್ನಕೇಶವ ದೇವಾಲಯ. ನಕ್ಷತ್ರಾಕಾರದ ಜಗತಿ, ಬಳಪದ ಕಲ್ಲಿನ ಸೂಕ್ಷ್ಮ ಕೆತ್ತನೆ, ಕಂಬಗಳ ಮೇಲಿನ ಮದನಿಕೆಯರು ಈ ದೇವಾಲಯಕ್ಕೆ ಜಗತ್ಪ್ರಸಿದ್ಧಿ ತಂದುಕೊಟ್ಟಿವೆ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಇಲ್ಲಿ ಕೆಲಸ ಮಾಡಿದ ಶಿಲ್ಪಿಗಳಲ್ಲಿ ಪ್ರಮುಖರು. ಅವರು ತಮ್ಮ ಹೆಸರುಗಳನ್ನು ಶಿಲ್ಪಗಳ ಪೀಠದಲ್ಲಿ ಕೆತ್ತಿದ್ದಾರೆ. ಅದೇ ಆವರಣದಲ್ಲಿರುವ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಪಟ್ಟದರಸಿ ಶಾಂತಲೆಯು ಕಟ್ಟಿಸಿದಳು.

ಬೇಲೂರು, ತಲಕಾಡು, ಮೇಲುಕೋಟೆ, ತೊಂಡನೂರು ಮತ್ತು ಗದಗುಗಳಲ್ಲಿ ಅರಸನು ಐದು ನಾರಾಯಣ ದೇವಾಲಯಗಳನ್ನು ಸ್ಥಾಪಿಸಿದನೆಂಬ ಪಂಚನಾರಾಯಣ ಐತಿಹ್ಯ ಪ್ರಸಿದ್ಧವಾಗಿದೆ. ಕೆಲವು ಪಟ್ಟಿಗಳಲ್ಲಿ ಗುಂಡ್ಲುಪೇಟೆಯ ವಿಜಯನಾರಾಯಣನ ಹೆಸರೂ ಬರುತ್ತದೆ.

ದೋರಸಮುದ್ರದಲ್ಲಿ ಇದೇ ಅರಸನ ಹೆಸರಿನಲ್ಲಿ ಎದ್ದುನಿಂತದ್ದು ಶಿವಾಲಯ. ಅರಸನ ಅಧಿಕಾರಿ ಕೇತಮಲ್ಲನು 1121ರ ಸುಮಾರಿಗೆ ಹೊಯ್ಸಳೇಶ್ವರ ದೇವಾಲಯದ ನಿರ್ಮಾಣಕ್ಕೆ ಕಾರಣನಾದನು. ಅದರ ಎರಡು ಗರ್ಭಗೃಹಗಳಲ್ಲಿ ಒಂದು ಅರಸನ ಹೆಸರಿನ ಹೊಯ್ಸಳೇಶ್ವರನಿಗೆ, ಇನ್ನೊಂದು ರಾಣಿಯ ಹೆಸರಿನ ಶಾಂತಲೇಶ್ವರನಿಗೆ ಮೀಸಲಾಗಿವೆ. ವೈಷ್ಣವನಾದ ಅರಸನ ರಾಜಧಾನಿಯ ಅತಿದೊಡ್ಡ ದೇವಾಲಯವು ಶೈವ ದೇವಾಲಯವೆಂಬುದು ಗಮನಿಸಬೇಕಾದ ಸಂಗತಿ.

ಮೇಲುಕೋಟೆ ಮತ್ತು ಸಾಮಾಜಿಕ ಸುಧಾರಣೆ

ಯಾದವಗಿರಿಯೆಂದು ಹೆಸರಾದ ಮೇಲುಕೋಟೆಯು ರಾಮಾನುಜರ ವಾಸದಿಂದ ಶ್ರೀವೈಷ್ಣವರ ಮುಖ್ಯ ಕ್ಷೇತ್ರವಾಯಿತು. ಅಲ್ಲಿನ ತಿರುನಾರಾಯಣನ ಪೂಜಾಕ್ರಮವನ್ನು ಅವರೇ ವ್ಯವಸ್ಥೆಗೊಳಿಸಿದರೆಂದು ಸಂಪ್ರದಾಯ ಹೇಳುತ್ತದೆ. ಅಸ್ಪೃಶ್ಯರೆಂದು ಹೊರಗಿಡಲಾಗಿದ್ದ ಜನರಿಗೆ ಆಚಾರ್ಯರು ತಿರುಕುಲತ್ತಾರ್, ಅಂದರೆ ಶ್ರೀಕುಲದವರು, ಎಂಬ ಹೆಸರನ್ನಿತ್ತರು. ವರ್ಷದಲ್ಲಿ ಮೂರು ದಿನ ದೇವಾಲಯವನ್ನು ಪ್ರವೇಶಿಸುವ ಹಕ್ಕನ್ನೂ ಅವರಿಗೆ ದೊರಕಿಸಿಕೊಟ್ಟರೆಂಬುದು ಮೇಲುಕೋಟೆಯ ಪರಂಪರೆ. ಮೂರು ದಿನಗಳ ಹಕ್ಕು ಇಂದಿನ ದೃಷ್ಟಿಗೆ ಅಲ್ಪವೆನಿಸಬಹುದು. ಉಳಿದ ದಿನಗಳಲ್ಲಿ ಬಾಗಿಲು ಮುಚ್ಚಿಯೇ ಇತ್ತೆಂಬುದನ್ನೂ ಅದು ನೆನಪಿಸುತ್ತದೆ. ಆದರೂ ದೇವಾಲಯ ಪ್ರವೇಶವೇ ನಿಷಿದ್ಧವಾಗಿದ್ದ ಸಮಾಜದಲ್ಲಿ ಈ ಪದ್ಧತಿಯು ಒಂದು ಹೊಸ ಹೆಜ್ಜೆಯಾಗಿತ್ತು. ಅರಸನ ಆಶ್ರಯವಿಲ್ಲದೆ ಇಂತಹ ಬದಲಾವಣೆ ನಿಲ್ಲುವುದು ಕಷ್ಟವಾಗಿತ್ತು.

ಪಟ್ಟದರಸಿ ಶಾಂತಲೆ

ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿಯು ಹೆರ್ಗಡೆ ಮಾರಸಿಂಗಯ್ಯ ಮತ್ತು ಮಾಚಿಕಬ್ಬೆಯರ ಮಗಳು. ತಂದೆ ಶಿವಭಕ್ತ, ತಾಯಿ ಜಿನಭಕ್ತೆ. ಒಂದೇ ಮನೆಯಲ್ಲಿ ಎರಡು ಮತಗಳು ನೆಮ್ಮದಿಯಿಂದ ಇದ್ದದ್ದಕ್ಕೆ ಈ ಕುಟುಂಬವೇ ಒಳ್ಳೆಯ ನಿದರ್ಶನ. ಶಾಂತಲೆಯು ಸಂಗೀತ ಮತ್ತು ನೃತ್ಯಗಳಲ್ಲಿ ಪ್ರವೀಣೆಯಾಗಿದ್ದಳೆಂದು ಶಾಸನಗಳು ಹೊಗಳುತ್ತವೆ. ಅವಳು ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆ.

ಅರಸನು ವೈಷ್ಣವನಾದ ಬಳಿಕವೂ ರಾಣಿಯು ತನ್ನ ಮತವನ್ನು ಬಿಡಲಿಲ್ಲ; ಅರಸನು ಬಿಡಿಸಲೂ ಇಲ್ಲ. ಬೇಲೂರಿನ ದೇವಾಲಯದ ಪ್ರತಿಷ್ಠೆಯಾಗಿ ಆರು ವರ್ಷಗಳ ನಂತರ, 1123ರಲ್ಲಿ, ಶಾಂತಲೆಯು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಶಾಂತಿನಾಥ ತೀರ್ಥಂಕರನಿಗಾಗಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಬಸದಿಯ ಹೆಸರು ಅವಳ ಬಿರುದಿನಿಂದಲೇ ಬಂದದ್ದು. 1131ರಲ್ಲಿ ಅವಳು ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳ ಅಗಲಿಕೆಯನ್ನು ತಾಳಲಾರದ ಮಾಚಿಕಬ್ಬೆಯು ಶ್ರವಣಬೆಳಗೊಳದಲ್ಲಿ ಒಂದು ತಿಂಗಳ ಕಾಲ ಸಲ್ಲೇಖನ ವ್ರತವನ್ನಾಚರಿಸಿ ದೇಹತ್ಯಾಗ ಮಾಡಿದಳು.

ಜೈನ ದಂಡನಾಯಕರು

ವಿಷ್ಣುವರ್ಧನನ ಸೈನ್ಯ ಮತ್ತು ಆಡಳಿತದ ಉನ್ನತ ಸ್ಥಾನಗಳಲ್ಲಿ ಜೈನರೇ ಬಹುಮಂದಿ ಇದ್ದರು. ಅವರಲ್ಲಿ ಗಂಗರಾಜನು ಅಗ್ರಗಣ್ಯ. ಕಣ್ಣೆಗಾಲದ ವಿಜಯದಿಂದ ಸಂತುಷ್ಟನಾದ ಅರಸನು ಬೇಕಾದದ್ದನ್ನು ಕೇಳೆಂದಾಗ ಗಂಗರಾಜನು ಪರಮ ಎಂಬ ಗ್ರಾಮವನ್ನು ಕೇಳಿ ಪಡೆದನು. ಅದನ್ನು ತನ್ನ ತಾಯಿ ಪೋಚಿಕಬ್ಬೆ ಮತ್ತು ಹೆಂಡತಿ ಲಕ್ಷ್ಮಿ ಕಟ್ಟಿಸಿದ್ದ ಬಸದಿಗಳಿಗೆ ದತ್ತಿಯಾಗಿ ಬಿಟ್ಟನು. ಶ್ರವಣಬೆಳಗೊಳದ ಗೊಮ್ಮಟೇಶ್ವರನ ಸುತ್ತಲಿನ ಸುತ್ತಾಲಯವನ್ನು ಕಟ್ಟಿಸಿದವನೂ ಅವನೇ. ಗಂಗವಾಡಿಯಲ್ಲಿ ಹಾಳುಬಿದ್ದಿದ್ದ ಬಸದಿಗಳನ್ನು ಅವನು ಜೀರ್ಣೋದ್ಧಾರ ಮಾಡಿಸಿದನೆಂದು ಶಾಸನಗಳು ತಿಳಿಸುತ್ತವೆ. ಅರಸನು ಬಸದಿಗಳನ್ನು ಕೆಡವಿಸುತ್ತಿದ್ದನೆಂದು ನಂತರದ ಕಥೆಗಳು ಹೇಳುವ ಕಾಲದಲ್ಲಿಯೇ ಅವನ ಮಹಾಪ್ರಧಾನನು ಬಸದಿಗಳನ್ನು ಎತ್ತಿ ಕಟ್ಟಿಸುತ್ತಿದ್ದನು.

ಪುಣಿಸನೂ ಜೈನ. ಯುದ್ಧದಿಂದ ಬಂಡವಾಳ ಕಳೆದುಕೊಂಡ ವ್ಯಾಪಾರಿಗಳಿಗೆ, ಬಿತ್ತನೆ ಬೀಜವಿಲ್ಲದ ಒಕ್ಕಲಿಗರಿಗೆ, ಅಧಿಕಾರ ಕಳೆದುಕೊಂಡ ನಾಯಕರಿಗೆ ಅವನು ನೆರವಾದನೆಂದು ಅವನ ಶಾಸನ ತಿಳಿಸುತ್ತದೆ. ಅರಸನು ಮಗನಂತೆ ಸಾಕಿ ಬೆಳೆಸಿದ ದಂಡನಾಯಕ ಬಿಟ್ಟಿಯಣ್ಣನು 1137ರಲ್ಲಿ ದೋರಸಮುದ್ರದಲ್ಲಿ ಒಂದು ಬಸದಿಯನ್ನು ಕಟ್ಟಿಸಿ, ಅದಕ್ಕೆ ವಿಷ್ಣುವರ್ಧನ ಜಿನಾಲಯವೆಂದು ಹೆಸರಿಟ್ಟನು. ಜೈನರನ್ನು ಹಿಂಸಿಸಿದ ಅರಸನ ಹೆಸರನ್ನು ಒಬ್ಬ ಶ್ರದ್ಧಾವಂತ ಜೈನನು, ಅದೂ ರಾಜಧಾನಿಯಲ್ಲಿ, ಜಿನಾಲಯಕ್ಕೆ ಇಡುವುದು ಸಂಭವನೀಯವಲ್ಲ.

ಅರಸನ ಜೈನ ದತ್ತಿಗಳು

ಅಧಿಕಾರಿಗಳು ಮಾತ್ರವಲ್ಲದೆ ಅರಸನು ತಾನೂ ಜೈನ ಸಂಸ್ಥೆಗಳಿಗೆ ದಾನ ನೀಡಿದನು. 1125ರಲ್ಲಿ ಅವನು ಶಲ್ಯ ಎಂಬ ಗ್ರಾಮವನ್ನು ಬಸದಿಗಳ ಜೀರ್ಣೋದ್ಧಾರಕ್ಕೂ ಮುನಿಗಳ ಆಹಾರದಾನಕ್ಕೂ ಶ್ರೀಪಾಲ ತ್ರೈವಿದ್ಯದೇವರಿಗೆ ಕೊಟ್ಟನು. ವಿಷ್ಣುವರ್ಧನನ ಬಿರುದುಗಳ ಸಾಲಿನಲ್ಲಿ ಸಮ್ಯಕ್ತ್ವಚೂಡಾಮಣಿ ಎಂಬ ಜೈನ ಬಿರುದೂ ಉಳಿದುಬಂದಿದೆ. ಬಿರುದುಗಳು ವಂಶದ ರೂಢಿಯಿಂದ ಮುಂದುವರಿಯುವುದುಂಟು. ಆದರೆ ಜೈನಮತವನ್ನು ದ್ವೇಷಿಸುವ ಅರಸನು ಅದನ್ನು ಉಳಿಸಿಕೊಳ್ಳುವ ಅಗತ್ಯವಿರಲಿಲ್ಲ.

ಇವೆಲ್ಲಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಹಳೇಬೀಡಿನ ಪಾರ್ಶ್ವನಾಥ ಬಸದಿಯ ಶಾಸನದಲ್ಲಿದೆ. 1133ರಲ್ಲಿ ಗಂಗರಾಜನು ತೀರಿಕೊಂಡ ಮೇಲೆ ಅವನ ಮಗ ಬೊಪ್ಪನು ತಂದೆಯ ನೆನಪಿಗಾಗಿ ದೋರಸಮುದ್ರದಲ್ಲಿ ಈ ಬಸದಿಯನ್ನು ಕಟ್ಟಿಸಿದನು. ಪ್ರತಿಷ್ಠೆಯ ಪ್ರಸಾದವನ್ನು ಅರ್ಚಕರು ಬಂಕಾಪುರದಲ್ಲಿದ್ದ ಅರಸನ ಬಳಿಗೆ ಒಯ್ದರು. ಅದೇ ಸಮಯದಲ್ಲಿ ಅರಸನು ಮಸಣನೆಂಬ ಶತ್ರುವನ್ನು ಗೆದ್ದಿದ್ದನು. ರಾಣಿ ಲಕ್ಷ್ಮೀದೇವಿಗೆ ಗಂಡುಮಗು ಹುಟ್ಟಿದ ಸುದ್ದಿಯೂ ಬಂದಿತ್ತು. ಅರಸನು ಎದ್ದು ನಿಂತು, ಕೈಮುಗಿದು ಪ್ರಸಾದವನ್ನು ಸ್ವೀಕರಿಸಿದನು. ಈ ದೇವರ ಪ್ರತಿಷ್ಠೆಯ ಪುಣ್ಯದಿಂದಲೇ ತನಗೆ ವಿಜಯವೂ ಪುತ್ರಲಾಭವೂ ಆದವೆಂದು ಭಾವಿಸಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯ ನರಸಿಂಹನೆಂದೂ ಹೆಸರಿಟ್ಟು ಬಸದಿಗೆ ದತ್ತಿ ನೀಡಿದನು. ಬೇಲೂರಿನ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿ ಹದಿನಾರು ವರ್ಷಗಳಾದ ಬಳಿಕ ನಡೆದ ಘಟನೆಯಿದು. ತನ್ನ ಉತ್ತರಾಧಿಕಾರಿಯ ಹೆಸರನ್ನು ಜಿನಾಲಯದ ಪ್ರತಿಷ್ಠೆಯೊಡನೆ ಜೋಡಿಸಿದ ಅರಸನನ್ನು ಜೈನದ್ವೇಷಿಯೆಂದು ಕರೆಯಲು ಆಧಾರವಿಲ್ಲ.

ಗದಗ ಸೀಮೆಯೊಡನೆ ಸಂಬಂಧ

ವಿಷ್ಣುವರ್ಧನನ ಉತ್ತರದ ದಂಡಯಾತ್ರೆಗಳು ಹಾನಗಲ್ಲು, ಬಂಕಾಪುರ ಮತ್ತು ಲೊಕ್ಕಿಗುಂಡಿಯವರೆಗೆ, ಅಂದರೆ ಇಂದಿನ ಗದಗ ಜಿಲ್ಲೆಯ ಲಕ್ಕುಂಡಿಯವರೆಗೆ, ಸಾಗಿದವು. ಗದಗು, ಲಕ್ಕುಂಡಿ, ಅಣ್ಣಿಗೇರಿಗಳು ಬೆಳ್ವೊಲ ಮುನ್ನೂರಕ್ಕೆ ಸೇರಿದ್ದವು. ಅದರ ಉತ್ತರಕ್ಕೆ ಸೂಡಿ, ಪಟ್ಟದಕಲ್ಲುಗಳನ್ನು ಒಳಗೊಂಡ ಕಿಸುಕಾಡು ಎಪ್ಪತ್ತು ಸೀಮೆಯಿತ್ತು. ಇಂದಿನ ರೋಣ, ಸವಡಿ, ನರೇಗಲ್ಲ, ಗಜೇಂದ್ರಗಡಗಳ ಸುತ್ತಲಿನ ಈ ನಾಡಿನಲ್ಲಿ ಎರಂಬರಗೆಯ ಸಿಂದರು ಪ್ರಬಲರಾಗಿದ್ದರು. ಹೊಯ್ಸಳರನ್ನು ತಡೆದು ಚಾಲುಕ್ಯ ಸಿಂಹಾಸನವನ್ನು ಕಾಯುವ ಹೊಣೆ ಬಹುಮಟ್ಟಿಗೆ ಅವರ ಮೇಲೆಯೇ ಇತ್ತು. ಆದ್ದರಿಂದ ಈ ಭಾಗದ ಶಾಸನಗಳಲ್ಲಿ ವಿಷ್ಣುವರ್ಧನನು ದಾಳಿಕೋರನಾದ ಬಿಟ್ಟಿಗನಾಗಿ ಕಾಣಿಸಿಕೊಳ್ಳುತ್ತಾನೆ. ಒಬ್ಬನೇ ಅರಸನು ದಕ್ಷಿಣದ ಶಾಸನಗಳಲ್ಲಿ ನಾಯಕನಾಗಿಯೂ ಉತ್ತರದ ಶಾಸನಗಳಲ್ಲಿ ಶತ್ರುವಾಗಿಯೂ ಇರುವುದರಿಂದ, ಇತಿಹಾಸದ ವಿದ್ಯಾರ್ಥಿಗಳು ಎರಡೂ ಕಡೆಯ ಶಾಸನಗಳನ್ನು ಒಟ್ಟಿಗೆ ಇಟ್ಟು ಓದಬೇಕಾಗುತ್ತದೆ.

ಈ ಸೀಮೆಯು ಬಹುಮತಗಳ ನೆಲೆಯಾಗಿತ್ತು. ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯವಿದೆ. ಗದಗಿನ ತ್ರಿಕೂಟೇಶ್ವರವು ಕಾಳಾಮುಖ ಶೈವರ ಕೇಂದ್ರವಾಗಿತ್ತು. ಅಲ್ಲಿಯೇ ವೀರನಾರಾಯಣ ದೇವಾಲಯವಿದ್ದು, ವಿಷ್ಣುವರ್ಧನನೇ ಅದನ್ನು ಕಟ್ಟಿಸಿದನೆಂದು ಸ್ಥಳೀಯರು ನಂಬುತ್ತಾರೆ. ಮುಂದೆ ಕುಮಾರವ್ಯಾಸನು ಈ ವೀರನಾರಾಯಣನ ಸನ್ನಿಧಿಯಲ್ಲಿ ಕನ್ನಡ ಭಾರತವನ್ನು ರಚಿಸಿದ್ದರಿಂದ ಈ ದೇವಾಲಯವು ಕನ್ನಡಿಗರೆಲ್ಲರ ಗೌರವಕ್ಕೆ ಪಾತ್ರವಾಗಿದೆ. ವಿಷ್ಣುವರ್ಧನನ ಮೊಮ್ಮಗ ಎರಡನೆಯ ಬಲ್ಲಾಳನು 1192ರಲ್ಲಿ ಲಕ್ಕುಂಡಿಯಲ್ಲಿದ್ದಾಗ ಗದಗಿನ ತ್ರಿಕೂಟೇಶ್ವರನಿಗೆ ದತ್ತಿ ನೀಡಿದನು. ಅಜ್ಜನು ಕನಸು ಕಂಡಿದ್ದ ಉತ್ತರದ ಅಧಿಕಾರವನ್ನು ಸಾಧಿಸಿದವನು ಈ ಮೊಮ್ಮಗನೇ.

ಧಾರ್ಮಿಕ ನೀತಿಯ ಸ್ವರೂಪ

ಜಗತ್ತಿನ ಇತಿಹಾಸದಲ್ಲಿ ಅರಸರು ಕೈಗೊಂಡ ಧಾರ್ಮಿಕ ಸುಧಾರಣೆಗಳು ಹಲವು ಬಗೆಯವು. ಕ್ರಿ.ಪೂ. ಏಳನೆಯ ಶತಮಾನದಲ್ಲಿ ಯೆಹೂದ ರಾಜ್ಯದ ಅರಸ ಯೋಷೀಯನು ಜೆರುಸಲೇಮಿನ ದೇವಾಲಯವೊಂದರಲ್ಲೇ ಆರಾಧನೆ ನಡೆಯಬೇಕೆಂದು ವಿಧಿಸಿ, ನಾಡಿನ ಇತರ ಪೂಜಾಸ್ಥಳಗಳನ್ನು ಕೆಡವಿಸಿದನೆಂದು ಹೀಬ್ರೂ ಧರ್ಮಗ್ರಂಥಗಳು ತಿಳಿಸುತ್ತವೆ. ಒಂದನ್ನು ಉಳಿಸಿ ಉಳಿದವನ್ನು ತೆಗೆದುಹಾಕುವುದು ಆ ಸುಧಾರಣೆಯ ಕ್ರಮವಾಗಿತ್ತು. ವಿಷ್ಣುವರ್ಧನನ ಬಗ್ಗೆ ಹುಟ್ಟಿದ ಕಥೆಗಳು ಅವನನ್ನು ಇಂತಹದೇ ಅರಸನನ್ನಾಗಿ ಚಿತ್ರಿಸುತ್ತವೆ. ಶಾಸನಗಳು ಹೇಳುವುದು ಇದಕ್ಕೆ ವಿರುದ್ಧವಾದದ್ದನ್ನು. ಅವನು ಇದ್ದದ್ದನ್ನು ತೆಗೆಯದೆ ಅದರ ಪಕ್ಕದಲ್ಲಿ ಹೊಸದನ್ನು ಸೇರಿಸಿದನು.

ಇದಕ್ಕೆ ರಾಜಕೀಯ ಕಾರಣಗಳೂ ಇದ್ದಿರಬಹುದು. ಚೋಳರಿಂದ ಗೆದ್ದ ಗಂಗವಾಡಿಯ ದಕ್ಷಿಣ ಭಾಗದಲ್ಲಿ ವೈಷ್ಣವ ಮತ್ತು ಶೈವ ಪ್ರಜೆಗಳು ಬಹುಸಂಖ್ಯೆಯಲ್ಲಿದ್ದರು. ಸೈನ್ಯವನ್ನು ನಡೆಸುತ್ತಿದ್ದವರು ಮತ್ತು ವ್ಯಾಪಾರದ ಸಂಪತ್ತನ್ನು ಹೊಂದಿದ್ದವರು ಅನೇಕರು ಜೈನರು. ಸಾಮಂತ ಪದವಿಯಿಂದ ಸಾರ್ವಭೌಮತ್ವದತ್ತ ಸಾಗುತ್ತಿದ್ದ ಅರಸನಿಗೆ ಭವ್ಯ ದೇವಾಲಯದ ನಿರ್ಮಾಣವು ತನ್ನ ಸ್ಥಾನವನ್ನು ಸಾರುವ ಸಾಧನವಾಗಿತ್ತು. ಹಾಗೆಂದ ಮಾತ್ರಕ್ಕೆ ಅವನ ಭಕ್ತಿಯನ್ನು ಕೇವಲ ರಾಜತಂತ್ರವೆಂದು ಭಾವಿಸಬೇಕಾಗಿಲ್ಲ. ಆ ಕಾಲದಲ್ಲಿ ಅರಸನ ಭಕ್ತಿಯನ್ನು ಅವನ ರಾಜಧರ್ಮದಿಂದ ಬೇರ್ಪಡಿಸಿ ನೋಡುತ್ತಿರಲಿಲ್ಲ.

ಅರಸನ ಒಲವು ಬದಲಾದದ್ದರಿಂದ ಜೈನಮತಕ್ಕೆ ನಷ್ಟವೇ ಆಗಲಿಲ್ಲವೆಂದು ಹೇಳುವಂತಿಲ್ಲ. ರಾಜಮನೆತನದ ಪ್ರಥಮ ಆಶ್ರಯವು ಜೈನರಿಂದ ವೈಷ್ಣವರಿಗೂ ಶೈವರಿಗೂ ಹರಿಯಿತು. ನಂತರದ ಹೊಯ್ಸಳರ ಕಾಲದ ಪ್ರಸಿದ್ಧ ನಿರ್ಮಾಣಗಳಲ್ಲಿ ವಿಷ್ಣು ಮತ್ತು ಶಿವ ದೇವಾಲಯಗಳದೇ ಮೇಲುಗೈ. ಈ ನಿಧಾನವಾದ ಬದಲಾವಣೆಯ ನೋವೇ ಜೈನರ ನೆನಪಿನಲ್ಲಿ ಭೂಮಿ ಬಿರಿದ ಕಥೆಯಾಗಿ ಉಳಿದಿರಬಹುದು.

ಕೊನೆಯ ದಿನಗಳು ಮತ್ತು ಉತ್ತರಾಧಿಕಾರಿ

ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ವಿಷ್ಣುವರ್ಧನನು ಹೆಚ್ಚಾಗಿ ಬಂಕಾಪುರದಲ್ಲಿ ವಾಸವಾಗಿದ್ದನು. ಇಂದು ಹಾವೇರಿ ಜಿಲ್ಲೆಗೆ ಸೇರಿರುವ ಈ ಕೋಟೆಯೂರು ಅವನ ಉತ್ತರದ ನೆಲೆಯಾಗಿತ್ತು. ಅವನು ತೀರಿಕೊಂಡದ್ದೂ ಅಲ್ಲಿಯೇ. ಮರಣದ ವರ್ಷವನ್ನು ಕೆಲವು ವಿದ್ವಾಂಸರು 1142ರ ಸುಮಾರು ಎಂದೂ, ಇನ್ನು ಕೆಲವರು 1152 ಎಂದೂ ನಿರ್ಣಯಿಸಿದ್ದಾರೆ. ಅವನ ನಂತರ ಲಕ್ಷ್ಮೀದೇವಿಯ ಮಗ ಒಂದನೆಯ ನರಸಿಂಹನು ಪಟ್ಟವೇರಿದನು.

ವಿಷ್ಣುವರ್ಧನನು ಬದುಕಿರುವವರೆಗೆ ಪೂರ್ಣ ಸ್ವತಂತ್ರ ಚಕ್ರವರ್ತಿಯಾಗಲಿಲ್ಲ. ಆದರೆ ಅವನು ಹಾಕಿದ ಅಡಿಪಾಯದ ಮೇಲೆ ಎರಡನೆಯ ಬಲ್ಲಾಳನು ಹೊಯ್ಸಳ ಸಾಮ್ರಾಜ್ಯವನ್ನು ಕಟ್ಟಿದನು.

ಪ್ರಭಾವ ಮತ್ತು ಸ್ಮರಣೆ

ಬೇರೆಬೇರೆ ಮತದವರು ಒಂದೇ ನಾಡಿನಲ್ಲಿ ಬಾಳುವ ಪ್ರಶ್ನೆ ವಿಷ್ಣುವರ್ಧನನ ಕಾಲಕ್ಕೇ ಮುಗಿಯಲಿಲ್ಲ. ಎರಡು ಶತಮಾನಗಳ ತರುವಾಯ ಶ್ರೀವೈಷ್ಣವರ ಕಿರುಕುಳದ ಬಗ್ಗೆ ಜೈನರು ವಿಜಯನಗರದ ಅರಸ ಒಂದನೆಯ ಬುಕ್ಕರಾಯನಿಗೆ ದೂರಿತ್ತರು. 1368ರಲ್ಲಿ ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ರಕ್ಷಣೆಯ ಹೊಣೆಯನ್ನು ವೈಷ್ಣವರಿಗೇ ಒಪ್ಪಿಸಿದನು. ಆ ಶಾಸನವು ಶ್ರವಣಬೆಳಗೊಳದಲ್ಲಿದೆ.

ವಿಷ್ಣುವರ್ಧನ ಮತ್ತು ಶಾಂತಲೆಯರ ಜೀವನವು ಆಧುನಿಕ ಕನ್ನಡ ಸಾಹಿತ್ಯಕ್ಕೂ ವಸ್ತುವಾಗಿದೆ. ಕೆ. ವಿ. ಅಯ್ಯರ್ ಅವರ ಶಾಂತಲಾ ಮತ್ತು ಸಿ. ಕೆ. ನಾಗರಾಜರಾವ್ ಅವರ ಪಟ್ಟಮಹಾದೇವಿ ಶಾಂತಲದೇವಿ ಈ ವಸ್ತುವಿನ ಪ್ರಸಿದ್ಧ ಕಾದಂಬರಿಗಳು. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳನ್ನು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು. ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರನನ್ನು ನೋಡಿದ ಮೇಲೆ ಸಮೀಪದ ಬಸದಿಹಳ್ಳಿಯಲ್ಲಿರುವ ಪಾರ್ಶ್ವನಾಥ ಬಸದಿಯನ್ನೂ ನೋಡಬಹುದು. ವಿಷ್ಣುವರ್ಧನನು ವಿಜಯಪಾರ್ಶ್ವನೆಂದು ಹೆಸರಿಟ್ಟ ತೀರ್ಥಂಕರನ ಬಸದಿ ಅದೇ.